ಹಾಡು ಯಾರದು, ಲೆಕ್ಕ ಯಾರ ಕೈಯಲ್ಲಿ?

ಧಾರವಾಡ

ಚಿ. ಮೇಘನಾಗೆ ಅಜ್ಜನ ಆಶೀರ್ವಾದಗಳು.

ಮಳೆ ಹಿಡಿದಾಗಲೆಲ್ಲ ನಿನ್ನ ಅಜ್ಜಿಯ ಮೊಣಕಾಲು ತಕರಾರು ತೆಗೆಯುತ್ತದೆ, ಉಳಿದಂತೆ ಆರಾಮ. ನೀನು ಎಲೆಕ್ಟ್ರಿಕ್ ಗಿಟಾರ್ ಕೊಂಡಿದ್ದಕ್ಕೆ ನಿಮ್ಮಪ್ಪ ಮುಖ ಗಂಟು ಹಾಕಿಕೊಂಡಿದ್ದಾನಂತೆ. ನಾಲ್ಕು ದಿನ ತಡೆದುಕೋ, ತಾನೇ ಬಂದು ಬಾಗಿಲ ಹೊರಗೆ ನಿಂತು ಕೇಳುತ್ತಾನೆ.

ರಾಕ್ ಅಂಡ್ ರೋಲ್ ಶುರು ಮಾಡಿದವನು ಎಲ್ವಿಸ್ ಎಂದು ನೀನು, ಚಕ್ ಬೆರಿ ಎಂದು ನಿಮ್ಮ ಡ್ರಮ್ಮರ್ ಹುಡುಗ. ಈ ಜಗಳವನ್ನು ನಾನು ಬಿಡಿಸಬೇಕೆಂದು ಕೇಳಿದೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಾಗಿರಲಿಲ್ಲ, ಅದಕ್ಕೇ ಕಾಗದ. ನನ್ನ ವಿದ್ಯೆ ಹೆಚ್ಚಿನದೇನಲ್ಲ. ಹರೆಯದಲ್ಲಿ ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಗಾರ್ಡ್ ಸಾಹೇಬರ ಮನೆಗೆ ಹೋಗಿ ಪ್ಲೇಟು ಕೇಳುತ್ತಿದ್ದೆ. ಹಾಡು ಮುಗಿದ ಮೇಲೆ ಅವರು ಪ್ಲೇಟನ್ನು ಬೆಳಕಿಗೆ ಹಿಡಿದು, ನಡುವಿನ ಲೇಬಲ್ಲಿನ ಮೇಲೆ ಬ್ರಾಕೆಟ್ಟಿನಲ್ಲಿ ಸಣ್ಣಗೆ ಅಚ್ಚಾದ ಹೆಸರು ಓದಿಸುತ್ತಿದ್ದರು. ಹಾಡಿದವರ ಹೆಸರು ದೊಡ್ಡಕ್ಷರದಲ್ಲಿ, ಬರೆದವರದು ಬ್ರಾಕೆಟ್ಟಿನಲ್ಲಿ. ಆ ಚಟ ನನಗೆ ಅಂಟಿಕೊಂಡಿತು. ಮೊದಲಿಗ ಯಾರು ಎಂಬ ಪ್ರಶ್ನೆಯಲ್ಲಿ ನನಗೆ ಅಷ್ಟು ರುಚಿಯಿಲ್ಲ, ಅವ್ವಾ. ಹಾಡು ಯಾರದು, ಅದರ ದುಡ್ಡಿನ ಲೆಕ್ಕ ಬರೆದವನು ಯಾರು ಎಂದು ನೋಡುತ್ತ ಹೋದರೆ ರಾಕ್ ಅಂಡ್ ರೋಲ್‌ನ ಇತಿಹಾಸ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಕಥೆ ಹತ್ತಿ ಹೊಲದಲ್ಲಿ ಶುರುವಾಗುತ್ತದೆ. ಅಮೆರಿಕದ ಮೆಂಫಿಸ್ ಊರಿನ ದಕ್ಷಿಣಕ್ಕೆ, ಮಿಸ್ಸಿಸ್ಸಿಪ್ಪಿ ಮತ್ತು ಯಾಜೂ ನದಿಗಳ ನಡುವೆ ಕಣ್ಣು ಹಾಯುವವರೆಗೂ ಮಟ್ಟಸವಾದ ನೆಲ. ಡೆಲ್ಟಾ ಎನ್ನುತ್ತಾರೆ. 1865ರಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿಯಿತು. ಆದರೆ ಹೊಲ ಧಣಿಯದೇ ಆಗಿತ್ತು. ಕರಿಯ ಜನ ಅದೇ ಹೊಲವನ್ನು ಪಾಲಿಗೆ ಮಾಡತೊಡಗಿದರು. ಬೀಜ, ಹಿಟ್ಟು, ಸೀಮೆಎಣ್ಣೆ, ಅರಿವೆ ಎಲ್ಲವನ್ನೂ ಧಣಿಯ ಅಂಗಡಿಯಿಂದಲೇ ಉದ್ರಿ ತರಬೇಕು. ಹತ್ತಿ ಬಿಡಿಸಿ ಮುಗಿದ ಮೇಲೆ, ವರ್ಷದ ಕೊನೆಗೆ ಲೆಕ್ಕ. ಪುಸ್ತಕ ಇಟ್ಟವನು ಧಣಿ, ಓದಲು ಬಾರದವನು ಎದುರಿಗೆ ನಿಂತ ಕೂಲಿಯವನು. ಹೆಚ್ಚಿನವರಿಗೆ ಪ್ರತಿ ವರ್ಷವೂ ಬಾಕಿಯೇ ಉಳಿಯುತ್ತಿತ್ತು. ಈ ಪುಸ್ತಕವನ್ನು ನೆನಪಿಟ್ಟುಕೋ, ಮುಂದೆ ಇದು ಬೇರೆ ರಟ್ಟು ಹಾಕಿಕೊಂಡು ಬರುತ್ತದೆ.

1895ರಲ್ಲಿ ವಿಲ್ ಡಾಕರಿ ಎಂಬವನು ಕಾಡು ಕಡಿಸಿ ಮಾಡಿದ ಅಂಥದ್ದೊಂದು ದೊಡ್ಡ ಜಮೀನಿನಲ್ಲಿ ಚಾರ್ಲಿ ಪ್ಯಾಟನ್ ಬೆಳೆದ. ದನಿ ಜಲ್ಲಿ ಸುರಿದ ಹಾಗೆ ಗರಗರ. ಗಿಟಾರನ್ನು ತಲೆಯ ಹಿಂದೆ ಹಿಡಿದು, ತೊಡೆಯ ನಡುವೆ ಸಿಕ್ಕಿಸಿ ನುಡಿಸಿ ಜನರನ್ನು ಕುಣಿಸುತ್ತಿದ್ದನಂತೆ. ಮುಂದೆ ದೊಡ್ಡ ಗಾಯಕನಾದ ಹೌಲಿನ್ ವುಲ್ಫ್ ಹುಡುಗನಾಗಿದ್ದಾಗ ಇವನಿಂದಲೇ ಕಲಿತದ್ದು. ಗಿಟಾರ್ ಕೊಳ್ಳಲಾಗದ ಮಕ್ಕಳು ಏನು ಮಾಡುತ್ತಿದ್ದರು ಗೊತ್ತೆ? ಕಸಬರಿಗೆಗೆ ಸುತ್ತಿದ ತಂತಿ ಬಿಚ್ಚಿ, ಮನೆಯ ಹಲಗೆ ಗೋಡೆಗೆ ಎರಡು ಮೊಳೆ ಹೊಡೆದು ಬಿಗಿಯುತ್ತಿದ್ದರು. ತಂತಿಯ ಕೆಳಗೆ ಒಂದು ಖಾಲಿ ಸೀಸೆ ತುರುಕಿದರೆ ತಂತಿ ಸೆಟೆದು ನಿಲ್ಲುತ್ತದೆ, ಗೋಡೆಯೇ ಬುರುಡೆಯಾಗಿ ಮೊರೆಯುತ್ತದೆ. ಇನ್ನೊಂದು ಸೀಸೆಯನ್ನು ತಂತಿಯ ಮೇಲೆ ಜಾರಿಸುತ್ತ ಬೆರಳಿನಿಂದ ಮೀಟುವುದು. ನೀನು ಸ್ಲೈಡ್ ಎಂದು ಕಲಿಯುತ್ತಿರುವ ಕೈಚಳಕದ ಒಂದು ಬೇರು ಆ ಗೋಡೆಯಲ್ಲಿದೆ. ಡಿಡ್ಲಿ ಬೋ ಅದರ ಹೆಸರು.

ಇನ್ನು ಬ್ಲೂಸ್ ಎನ್ನುವ ಈ ಹಾಡಿನ ಕಟ್ಟು. ನೀನು ಈಗಾಗಲೇ ನುಡಿಸುತ್ತೀಯ, ಆದರೂ ಹೇಳುತ್ತೇನೆ. ಹನ್ನೆರಡು ಬಾರ್, ಮೂರು ಸಾಲು. ಮೊದಲ ಸಾಲು, ಮತ್ತೆ ಅದೇ ಸಾಲು, ಮೂರನೆಯದರಲ್ಲಿ ಅದಕ್ಕೊಂದು ತಿರುಗೇಟು. ‘ಇ’ ಶ್ರುತಿಯಲ್ಲಾದರೆ ನಾಲ್ಕು ಬಾರ್ ‘ಇ’, ಎರಡು ‘ಎ’, ಎರಡು ‘ಇ’, ಆಮೇಲೆ ‘ಬಿ’ ಒಂದು, ‘ಎ’ ಒಂದು, ಮತ್ತೆ ‘ಇ’ಗೆ ಬಂದು ಎರಡು. ಪ್ರತಿ ಸಾಲಿಗೆ ನಾಲ್ಕು ಬಾರ್ ಸಿಗುತ್ತದೆ, ಆದರೆ ಮಾತು ಎರಡರಲ್ಲೇ ಮುಗಿಯುತ್ತದೆ. ಉಳಿದ ಎರಡರಲ್ಲಿ ಗಿಟಾರ್ ಉತ್ತರ ಕೊಡುತ್ತದೆ. ನಮ್ಮ ಕಣದಲ್ಲಿ ಹಂತಿ ಹೊಡೆಯುವಾಗ ಒಬ್ಬ ಪದ ಎತ್ತಿದರೆ ಉಳಿದವರು ಸೊಲ್ಲು ಹಿಡಿಯುತ್ತಿದ್ದರಲ್ಲ, ಅದೇ ಏರ್ಪಾಡು. ಇಲ್ಲಿ ಮೇಳವಿಲ್ಲದ ಒಂಟಿ ಮನುಷ್ಯ ಮೇಳದ ಕೆಲಸವನ್ನು ತಂತಿಗೆ ಒಪ್ಪಿಸಿದ. ಮೂರನೆಯ ಮತ್ತು ಏಳನೆಯ ಸ್ವರಗಳನ್ನು ಬ್ಲೂಸಿನವರು ಕೊಂಚ ಇಳಿಸಿ, ಜಾರಿಸಿ ಹಿಡಿಯುತ್ತಾರೆ. ಪಿಯಾನೊದ ಎರಡು ಮನೆಗಳ ನಡುವೆ ಎಲ್ಲೋ ನಿಲ್ಲುವ ಆ ಗಾಂಧಾರ ಕೇಳಿ ನಿನ್ನ ಅಜ್ಜಿ, ಇವರಿಗೂ ಶ್ರುತಿ ಗೊತ್ತಲ್ಲ ಎಂದಿದ್ದಳು. ಅವಳ ಬಾಯಲ್ಲಿ ಅದು ದೊಡ್ಡ ಬಿರುದು.

ಬ್ಲೂಸ್ ಎಂದರೆ ಹ್ಯಾಟು ಹಾಕಿದ ಗಂಡಸು ಎಂಬ ಚಿತ್ರ ನಿನ್ನ ತಲೆಯಲ್ಲಿದ್ದರೆ ತೆಗೆದುಹಾಕು. ಬ್ಲೂಸ್‌ಗೆ ಮಾರುಕಟ್ಟೆ ಇದೆ ಎಂದು ರೆಕಾರ್ಡ್ ಕಂಪನಿಗಳಿಗೆ ತೋರಿಸಿದವಳು ಒಬ್ಬ ಹೆಣ್ಣುಮಗಳು. 1920ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನಲ್ಲಿ ಮೇಮಿ ಸ್ಮಿತ್ ಹಾಡಿದ ‘ಕ್ರೇಜಿ ಬ್ಲೂಸ್’ ಕಂಪನಿಯವರು ಕನಸಿನಲ್ಲೂ ಎಣಿಸದಷ್ಟು ಖರ್ಚಾಯಿತು. ಕರಿಯರೂ ಪ್ಲೇಟು ಕೊಳ್ಳುತ್ತಾರೆ ಎಂಬ ಜ್ಞಾನೋದಯ ಆದದ್ದೇ ಆಗ. ಅವರಿಗಾಗಿ ‘ರೇಸ್ ರೆಕಾರ್ಡ್ಸ್’ ಎಂದು ಬೇರೆ ಪಟ್ಟಿ ಹುಟ್ಟಿತು. ಬೆಸ್ಸಿ ಸ್ಮಿತ್, ಮಾ ರೇನಿ, ಆಮೇಲೆ ಟೆಕ್ಸಾಸಿನ ಕುರುಡ ಗಾಯಕ ಬ್ಲೈಂಡ್ ಲೆಮನ್ ಜೆಫರ್ಸನ್ ಎಲ್ಲರೂ ಆ ಪಟ್ಟಿಯವರೇ.

ರಾಬರ್ಟ್ ಜಾನ್ಸನ್ ಬಗ್ಗೆ ನಿನ್ನ ಗೆಳೆಯರು ಹೇಳಿಯೇ ಇರುತ್ತಾರೆ: ನಡುರಾತ್ರಿ ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ವಿದ್ಯೆ ಪಡೆದನಂತೆ. ಆ ಕಥೆ ಅವನಿಗಿಂತ ಮೊದಲು ಟಾಮಿ ಜಾನ್ಸನ್ ಎಂಬ ಇನ್ನೊಬ್ಬನ ಬಗ್ಗೆ ಇತ್ತು. ಈ ರಾಬರ್ಟ್ ಮಾಡಿದ್ದು ಅಭ್ಯಾಸ. ಐಕ್ ಝಿಮರ್ಮನ್ ಎಂಬ ಹಿರಿಯನ ಬಳಿ ಕುಳಿತು ಬೆರಳು ಸವೆಸಿದ. ಹಗಲಿರುಳು ಕೂತು ಕಲಿತವನ ಶ್ರಮವನ್ನು ಸೈತಾನನ ಖಾತೆಗೆ ಜಮಾ ಮಾಡುವುದು ನನಗೆ ಸೇರುವುದಿಲ್ಲ. 1936ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ, 1937ರಲ್ಲಿ ಡಲ್ಲಾಸ್‌ನಲ್ಲಿ ಒಟ್ಟು 29 ಹಾಡು ರೆಕಾರ್ಡ್ ಮಾಡಿ, 1938ರಲ್ಲಿ 27ನೇ ವಯಸ್ಸಿಗೆ ತೀರಿಕೊಂಡ. ಪಿಯಾನೊದವರು ಎಡಗೈಯಲ್ಲಿ ಬಾರಿಸುತ್ತಿದ್ದ ಬೂಗಿ ನಡೆಯನ್ನು ಅವನು ಗಿಟಾರಿನ ದಪ್ಪ ತಂತಿಗಳಿಗೆ ತಂದು ಕೂರಿಸಿದ ರೀತಿ ಇದೆಯಲ್ಲ, ಅದನ್ನು ಗಮನವಿಟ್ಟು ಕೇಳು. ನಿಮ್ಮ ಬ್ಯಾಂಡಿನಲ್ಲಿ ರಿದಂ ಗಿಟಾರ್ ಮಾಡುತ್ತಿರುವುದು ಅದನ್ನೇ.

ಈಗ ಮಡ್ಡಿ ವಾಟರ್ಸ್. ಇವನ ಮೇಲೆ ನನಗೆ ಪಕ್ಷಪಾತ. 1941ರಲ್ಲಿ ಅಮೆರಿಕದ ಸಂಸತ್ತಿನ ಗ್ರಂಥಾಲಯಕ್ಕಾಗಿ ಜನಪದ ಹಾಡು ಕೂಡಿಸುತ್ತಿದ್ದ ಆಲನ್ ಲೋಮ್ಯಾಕ್ಸ್, ಕಾರಿನಲ್ಲಿ ಯಂತ್ರ ಹೇರಿಕೊಂಡು ಸ್ಟೋವಾಲ್ ಎಂಬ ಜಮೀನಿಗೆ ಬಂದ. ಟ್ರ್ಯಾಕ್ಟರ್ ಓಡಿಸುತ್ತಿದ್ದ ಮಡ್ಡಿಯನ್ನು ಅವನ ಗುಡಿಸಲಲ್ಲೇ ಕೂರಿಸಿ ಹಾಡಿಸಿದ. ಮುಂದೆ ಎರಡು ಪ್ಲೇಟು, 20 ಡಾಲರಿನ ಒಂದು ಚೆಕ್ಕು ಅಂಚೆಯಲ್ಲಿ ಬಂದವು. ತನ್ನ ದನಿಯನ್ನು ಪ್ಲೇಟಿನಲ್ಲಿ ಕೇಳಿದ ಮೇಲೆ ಮನುಷ್ಯ ಹೊಲದಲ್ಲಿ ನಿಲ್ಲುತ್ತಾನೆಯೇ? ಕೂಲಿ ಸ್ವಲ್ಪ ಏರಿಸಿ ಎಂದು ಕೇಳಿದ, ಮೇಸ್ತ್ರಿ ಸಿಡುಕಿದ, 1943ರಲ್ಲಿ ಮಡ್ಡಿ ಇಲಿನಾಯ್ ಸೆಂಟ್ರಲ್ ರೈಲು ಹತ್ತಿ ಶಿಕಾಗೋಗೆ ಹೊರಟ. ಅವನೊಬ್ಬನೇ ಅಲ್ಲ, ಆ ದಶಕಗಳಲ್ಲಿ ದಕ್ಷಿಣದಿಂದ ಉತ್ತರಕ್ಕೆ ಲಕ್ಷಗಟ್ಟಲೆ ಜನ ಗುಳೆ ಹೋದರು. 1944ರಲ್ಲಿ ಮಡ್ಡಿಯ ಸೀಮೆಯ ಕ್ಲಾರ್ಕ್ಸ್‌ಡೇಲ್ ಬಳಿಯೇ, ಹಾಪ್ಸನ್ ಜಮೀನಿನಲ್ಲಿ, ಹತ್ತಿಯನ್ನು ಪೂರ್ತಿ ಯಂತ್ರದಿಂದ ಬಿಡಿಸಿ ತೋರಿಸಿದರು. ಅಲ್ಲಿಗೆ ಧಣಿಗಳಿಗೆ ಈ ಕೈಗಳ ಗರಜೇ ಮುಗಿಯಿತು.

ಶಿಕಾಗೋದ ಬೀದಿ, ಹೆಂಡದಂಗಡಿಗಳ ಗದ್ದಲದಲ್ಲಿ ಹಳ್ಳಿಯ ಮರದ ಗಿಟಾರ್ ಯಾರಿಗೂ ಕೇಳಿಸದು. ಹಾಗಾಗಿ ಮಡ್ಡಿ ಎಲೆಕ್ಟ್ರಿಕ್ ಗಿಟಾರ್ ಹಿಡಿದ. ಡ್ರಮ್ಸ್, ಬಾಸ್, ಪಿಯಾನೊ, ಮೈಕಿಗೆ ಒತ್ತಿ ಊದುವ ಹಾರ್ಮೋನಿಕಾ ಸೇರಿಕೊಂಡವು. ರಾಕ್ ಬ್ಯಾಂಡಿನ ಆಕಾರ ಅಲ್ಲಿಗೆ ಮುಕ್ಕಾಲು ಸಿದ್ಧವಾಯಿತು. ಪೋಲೆಂಡಿನಿಂದ ವಲಸೆ ಬಂದಿದ್ದ ಲಿಯೊನಾರ್ಡ್ ಮತ್ತು ಫಿಲ್ ಎಂಬ ಅಣ್ಣತಮ್ಮಂದಿರ ಚೆಸ್ ರೆಕಾರ್ಡ್ಸ್ ಇದನ್ನೆಲ್ಲ ಪ್ಲೇಟಿಗೆ ಇಳಿಸಿತು.

ಅದೇ ಹೊತ್ತಿಗೆ ಮೆಂಫಿಸ್‌ನಲ್ಲಿ ಸ್ಯಾಮ್ ಫಿಲಿಪ್ಸ್ ಎಂಬ ಬಿಳಿಯ ರೇಡಿಯೊ ಎಂಜಿನಿಯರ್ 706 ಯೂನಿಯನ್ ಅವೆನ್ಯೂನಲ್ಲಿ ಪುಟ್ಟ ಸ್ಟುಡಿಯೊ ತೆಗೆದಿದ್ದ. 1951ರ ಮಾರ್ಚಿನಲ್ಲಿ ಕ್ಲಾರ್ಕ್ಸ್‌ಡೇಲ್‌ನಿಂದ ಐಕ್ ಟರ್ನರನ ಬ್ಯಾಂಡು ಕಾರಿನ ತುಂಬ ವಾದ್ಯ ಹೇರಿಕೊಂಡು ಅಲ್ಲಿಗೆ ಬಂತು. ದಾರಿಯಲ್ಲಿ ಆಂಪ್ಲಿಫೈಯರ್ ಪೆಟ್ಟು ತಿಂದು ಸ್ಪೀಕರಿನ ಕೋನ್ ಹರಿದಿತ್ತು. ರಿಪೇರಿಗೆ ಹೊತ್ತಿಲ್ಲ. ಫಿಲಿಪ್ಸ್ ಅದರೊಳಗೆ ಕಾಗದ ತುರುಕಿ ನುಡಿಸಲು ಹೇಳಿದ. ಗಿಟಾರ್ ಸ್ಯಾಕ್ಸೊಫೋನಿನ ಹಾಗೆ ಗೊರಗುಟ್ಟಿತು. ಫಿಲಿಪ್ಸನಿಗೆ ಅದೇ ಇಷ್ಟವಾಗಿ ಹಾಗೇ ಬಿಟ್ಟ. ನೀನು ಪೆಡಲ್ ಒತ್ತಿ ತರಿಸುವ ಡಿಸ್ಟಾರ್ಶನ್ ಅಂದು ಹರಿದ ಸ್ಪೀಕರಿನಿಂದ ಪುಕ್ಕಟೆ ಬಂತು. ‘ರಾಕೆಟ್ 88’ ಎಂಬ ಆ ಹಾಡನ್ನೇ ಮೊದಲ ರಾಕ್ ಅಂಡ್ ರೋಲ್ ರೆಕಾರ್ಡ್ ಎನ್ನುವವರು ಬಹಳ. ಲೇಬಲ್ ನೋಡಿದರೆ ಐಕ್ ಟರ್ನರನ ಬ್ಯಾಂಡಿನ ಸುಳಿವಿಲ್ಲ; ಅಂದು ಹಾಡಿದ್ದ ಅವನ ಸ್ಯಾಕ್ಸೊಫೋನಿಗ ಜಾಕಿ ಬ್ರೆನ್ಸ್ಟನ್ ಮತ್ತವನ ‘ಡೆಲ್ಟಾ ಕ್ಯಾಟ್ಸ್’ ಎಂದಿದೆ. ಅಂಥ ಬ್ಯಾಂಡೇ ಇರಲಿಲ್ಲ!

ಇನ್ನು ನಿನ್ನ ಎಲ್ವಿಸ್. 1954ರ ಜುಲೈ 5, ಅದೇ ಸ್ಟುಡಿಯೊ. ಟ್ರಕ್ ಓಡಿಸುತ್ತಿದ್ದ 19ರ ಹುಡುಗ. ಗಿಟಾರಿಗೆ ಸ್ಕಾಟಿ ಮೂರ್, ಬಾಸ್‌ಗೆ ಬಿಲ್ ಬ್ಲ್ಯಾಕ್. ಸಂಜೆಯಿಂದ ನಿಧಾನದ ಹಾಡು ಹಾಡಿ ಹಾಡಿ ಯಾವುದೂ ಕೂಡಿಬರಲಿಲ್ಲ. ಬಿಡುವಿನಲ್ಲಿ ಹುಡುಗ ಸುಮ್ಮನೆ ಎದ್ದು ಹಳೆಯ ಬ್ಲೂಸ್ ಒಂದನ್ನು ಕುಣಿದಾಡುತ್ತ ಹಾಡತೊಡಗಿದ, ಉಳಿದಿಬ್ಬರು ಕೈಗೂಡಿಸಿದರು. ಫಿಲಿಪ್ಸ್ ಒಳಗಿನಿಂದ ತಲೆ ಹಾಕಿ, ಮತ್ತೆ ಮೊದಲಿನಿಂದ ಶುರು ಮಾಡಿ ಎಂದ. ಅದೇ ‘ದಟ್ಸ್ ಆಲ್ ರೈಟ್’. ಕೆಲವೇ ದಿನಗಳಲ್ಲಿ ಡ್ಯೂಯಿ ಫಿಲಿಪ್ಸ್ ಎಂಬ ರೇಡಿಯೊದವನು ಅದನ್ನು ಒಂದೇ ರಾತ್ರಿ ಮೇಲಿಂದ ಮೇಲೆ ಹಾಕಿದ. ಹುಡುಗನನ್ನು ಕರೆಸಿ ಯಾವ ಹೈಸ್ಕೂಲು ಎಂದು ಕೇಳಿದ. ಹ್ಯೂಮ್ಸ್ ಎಂದ ಹುಡುಗ. ಅದು ಬಿಳಿಯರ ಶಾಲೆ. ದನಿ ಕೇಳಿ ಕರಿಯನೆಂದುಕೊಂಡಿದ್ದ ಊರಿಗೆಲ್ಲ ಆ ಒಂದು ಉತ್ತರದಲ್ಲಿ ಜಾತಿ ತಿಳಿಯಿತು. ಪ್ಲೇಟಿನ ಇನ್ನೊಂದು ಮಗ್ಗುಲಲ್ಲಿ ಬಿಲ್ ಮನ್ರೋನ ಹಾಡು, ಅದು ಬಿಳಿ ಹಳ್ಳಿಗರ ಸಂಗೀತ. ಹಾಗಾಗಿ ರಾಕ್ ಅಂಡ್ ರೋಲ್ ಎಂಬ ಈ ಕೂಸಿಗೆ ಬ್ಲೂಸ್ ಒಂದೇ ತವರು ಎಂದು ನಾನು ಹೇಳುವುದಿಲ್ಲ. ಕಂಟ್ರಿ ಇದೆ, ಚರ್ಚಿನ ಗಾಸ್ಪೆಲ್ ಇದೆ. ಆದರೆ ನಡೆ ಕಲಿಸಿದ್ದು ಬ್ಲೂಸ್.

‘ದಟ್ಸ್ ಆಲ್ ರೈಟ್’ ಮೂಲದಲ್ಲಿ ಮಿಸ್ಸಿಸ್ಸಿಪ್ಪಿಯ ಆರ್ಥರ್ ಕ್ರೂಡಪ್ 1946ರಲ್ಲಿ ರೆಕಾರ್ಡ್ ಮಾಡಿದ ಹಾಡು. ಎಲ್ವಿಸ್ ಅದನ್ನು ಮುಚ್ಚಿಡಲಿಲ್ಲ. 1956ರಲ್ಲೇ ಪತ್ರಿಕೆಯವರ ಮುಂದೆ ಕ್ರೂಡಪ್‌ನ ಹೆಸರು ಹೇಳಿದ್ದ. ಲೇಬಲ್ಲಿನ ಬ್ರಾಕೆಟ್ಟಿನಲ್ಲೂ ಕ್ರೂಡಪ್ ಎಂದೇ ಇದೆ. ಹೆಸರಿತ್ತು, ದುಡ್ಡು ಬರಲಿಲ್ಲ. ಹಾಡಿನ ಹಕ್ಕಿನ ಕಾಗದ ಬೇರೆಯವರ ಪೆಟ್ಟಿಗೆಯಲ್ಲಿತ್ತು. ಹಾಡುವುದನ್ನು ಬಿಟ್ಟು ಅವನು ಹೊಲಗಳಲ್ಲಿ ಕೂಲಿ ಮಾಡಿದ, ಕೂಲಿಯವರನ್ನು ಕೂಡಿಸಿಕೊಡುವ ಕೆಲಸ ಮಾಡಿದ. ಎಪ್ಪತ್ತರ ದಶಕದ ಆರಂಭದಲ್ಲಿ ಒಬ್ಬ ಹಿತೈಷಿಯ ಹೋರಾಟದಿಂದ 60,000 ಡಾಲರಿನ ಒಪ್ಪಂದ ಕುದುರಿ, ಮಕ್ಕಳನ್ನು ಕರೆದುಕೊಂಡು ನ್ಯೂಯಾರ್ಕಿಗೆ ಹೋದ. ಎದುರಿನವರು ಕೊನೆ ಗಳಿಗೆಯಲ್ಲಿ ಸಹಿ ಹಾಕಲು ಒಪ್ಪಲಿಲ್ಲ. ಬರಿಗೈಲಿ ಮರಳಿ, 1974ರಲ್ಲಿ ಸತ್ತ. ಡೆಲ್ಟಾದ ಆ ಲೆಕ್ಕದ ಪುಸ್ತಕ ಬೇರೆ ರಟ್ಟು ಹಾಕಿಕೊಂಡು ಬರುತ್ತದೆ ಎಂದೆನಲ್ಲ, ಇದೇ ಅದು.

‘ಹೌಂಡ್ ಡಾಗ್’ ಕೂಡ ಹಾಗೇ. ಅದನ್ನು ಬರೆದವರು ಲೀಬರ್ ಮತ್ತು ಸ್ಟೋಲರ್ ಎಂಬ ಇಬ್ಬರು ಯಹೂದಿ ಹುಡುಗರು, ಬರೆದದ್ದು ಬಿಗ್ ಮಾಮಾ ಥಾರ್ನ್ಟನ್ ಎಂಬ ಗಟ್ಟಿಗಿತ್ತಿಗಾಗಿ. 1953ರಲ್ಲಿ ಅವಳ ಪ್ಲೇಟು ಏಳು ವಾರ ಆರ್ ಅಂಡ್ ಬಿ (ರಿದಂ ಅಂಡ್ ಬ್ಲೂಸ್) ಪಟ್ಟಿಯ ತುದಿಯಲ್ಲಿತ್ತು. ಕೈಗೆ ಬಂದದ್ದು 500 ಡಾಲರಿನ ಒಂದೇ ಚೆಕ್ಕು ಎಂದು ಅವಳು ಹೇಳಿಕೊಂಡಿದ್ದಾಳೆ. ಮೂರು ವರ್ಷದ ಮೇಲೆ ಎಲ್ವಿಸ್ ಹಾಡಿದ್ದನ್ನು ಜಗತ್ತೇ ಕೇಳಿತು. ನನ್ನ ತೀರ್ಪು ಬೇಕೆ? ಥಾರ್ನ್ಟನ್ ಹಾಡಿದ್ದರ ಮುಂದೆ ಎಲ್ವಿಸನದು ಮಕ್ಕಳಾಟ.

ನಿಮ್ಮ ಡ್ರಮ್ಮರಿನ ಚಕ್ ಬೆರಿಗೆ ಬರುತ್ತೇನೆ. ಸೇಂಟ್ ಲೂಯಿಸ್‌ನವನು. ಮಡ್ಡಿ ವಾಟರ್ಸ್ ದಾರಿ ತೋರಿಸಿದ್ದರಿಂದ ಚೆಸ್ ಕಂಪನಿಗೆ ಹೋಗಿ 1955ರಲ್ಲಿ ‘ಮೇಬೆಲೀನ್’ ರೆಕಾರ್ಡ್ ಮಾಡಿದ. ಬಿಳಿಯರ ಹಳೆಯ ಪಿಟೀಲು ಹಾಡು ‘ಐಡಾ ರೆಡ್’ ಅದರ ಮೂಲ. ಪ್ಲೇಟು ಬಂದಾಗ ಬರೆದವರ ಜಾಗದಲ್ಲಿ ಬೆರಿಯ ಜೊತೆ ಇನ್ನೆರಡು ಹೆಸರು: ಒಬ್ಬ ಆಲನ್ ಫ್ರೀಡ್, ರಾಕ್ ಅಂಡ್ ರೋಲ್ ಎಂಬ ಹೆಸರನ್ನು ಕ್ಲೀವ್‌ಲ್ಯಾಂಡ್‌ನಿಂದ, ಆಮೇಲೆ ನ್ಯೂಯಾರ್ಕಿನಿಂದ ರೇಡಿಯೊದಲ್ಲಿ ಮನೆಮಾತು ಮಾಡಿದವನು, ಇನ್ನೊಬ್ಬ ರಸ್ ಫ್ರಾಟೊ, ಚೆಸ್‌ಗೆ ವ್ಯವಹಾರದಲ್ಲಿ ಬೇಕಾಗಿದ್ದವನು. ಇಬ್ಬರೂ ಒಂದು ಸಾಲನ್ನೂ ಬರೆದವರಲ್ಲ. ಫ್ರೀಡನಿಗಂತೂ ಅದು ರೇಡಿಯೊದಲ್ಲಿ ಹಾಡು ಹಾಕಲಿ ಎಂದು ಕೊಟ್ಟ ಮಾಮೂಲು. ಆ ಹೆಸರುಗಳು ಅಳಿಸಿ ಹಾಡು ಪೂರ್ತಿ ಬೆರಿಯದಾಗಲು 1986 ಬರಬೇಕಾಯಿತು. ಮುಂದೆ ಅವನು ನಗದು ಎಣಿಸಿಕೊಳ್ಳದೆ ವೇದಿಕೆ ಹತ್ತುತ್ತಿರಲಿಲ್ಲ. ಜಿಪುಣ, ಮುಂಗೋಪಿ ಎಂದು ಬೈದವರು ಬಹಳ. ನನಗೆ ಮಾತ್ರ ಅದರಲ್ಲಿ ತಪ್ಪು ಕಂಡಿಲ್ಲ.

‘ಜಾನಿ ಬಿ. ಗುಡ್’ ಕಲಿಯುವಾಗ ಬಿ ಫ್ಲ್ಯಾಟ್ ನೋಡಿ ನಿನಗೆ ಸಿಟ್ಟು ಬಂದಿರಬೇಕು. ಗಿಟಾರಿಗೆ ಒಗ್ಗದ ಶ್ರುತಿ. ಬೆರಿಯ ಜೊತೆ ವರ್ಷಗಟ್ಟಲೆ ಜಾನಿ ಜಾನ್ಸನ್ ಎಂಬ ಪಿಯಾನೊದವನಿದ್ದ, ಅವರ ಎಷ್ಟೋ ಹಾಡು ಪಿಯಾನೊ, ಸ್ಯಾಕ್ಸೊಫೋನಿಗೆ ಹೊಂದುವ ಇಂಥ ಶ್ರುತಿಗಳಲ್ಲೇ ಇವೆ. ಆ ಹಾಡಿನ ಮೊದಲ ಗಿಟಾರ್ ತುಣುಕು, ನೀನು ಕನ್ನಡಿ ಮುಂದೆ ನಿಂತು ನುಡಿಸುವುದು, 1946ರಲ್ಲಿ ಲೂಯಿ ಜೋರ್ಡನ್‌ನ ಬ್ಯಾಂಡಿನ ಕಾರ್ಲ್ ಹೋಗನ್ ನುಡಿಸಿದ್ದು, ಹೆಚ್ಚುಕಡಿಮೆ ಸ್ವರ ಸ್ವರವೂ ಅದೇ. ಹೋಗನ್ ತನಗೆ ಗುರು ಎಂದು ಬೆರಿಯೇ ಒಪ್ಪಿಕೊಂಡಿದ್ದ.

ಈ ಸಂಗೀತಕ್ಕೆ ಹೆದರಿದವರೂ ಇದ್ದರು. ದಕ್ಷಿಣದ ಸಭಾಂಗಣಗಳಲ್ಲಿ ಬಿಳಿ ಮಕ್ಕಳು ಒಂದು ಕಡೆ, ಕರಿ ಮಕ್ಕಳು ಇನ್ನೊಂದು ಕಡೆ, ನಡುವೆ ಹಗ್ಗ. ಹಾಡು ಏರಿದಾಗ ಹಗ್ಗ ದಾಟಿ ಕುಣಿಯುತ್ತಿದ್ದರು. 1956ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಿಳಿ ಪುಂಡರು ವೇದಿಕೆಗೆ ನುಗ್ಗಿ ಕೆಡವಿದ್ದು ನ್ಯಾಟ್ ಕಿಂಗ್ ಕೋಲ್‌ನನ್ನು. ಪಾಪ, ಅವನು ಹಾಡುತ್ತಿದ್ದದ್ದು ರಾಕ್ ಅಲ್ಲ, ಮೆಲುದನಿಯ ಪ್ರೇಮಗೀತೆ. ದಶಕ ಮುಗಿಯುವಷ್ಟರಲ್ಲಿ ರಾಕ್ ತಾರೆಗಳಲ್ಲಿ ಲಿಟ್ಲ್ ರಿಚರ್ಡ್ ಬೈಬಲ್ ಹಿಡಿದ, ಎಲ್ವಿಸ್ ಸೈನ್ಯ ಸೇರಿದ, ಬಡ್ಡಿ ಹಾಲಿ 1959ರ ಫೆಬ್ರವರಿ 3ರಂದು ವಿಮಾನ ಬಿದ್ದು ಹೋದ. ಆಮೇಲಿನದು ಇಂಗ್ಲೆಂಡಿನ ಹುಡುಗರ ಕಥೆ, ಅದು ನಿನಗೆ ಗೊತ್ತು. 2003ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದ ರೋಲಿಂಗ್ ಸ್ಟೋನ್ಸ್ ತಮ್ಮ ಹೆಸರು ಪಡೆದದ್ದು ಮಡ್ಡಿ ವಾಟರ್ಸ್‌ನ ಒಂದು ಹಾಡಿನಿಂದ. 1965ರಲ್ಲಿ ಅಮೆರಿಕದ ಟಿವಿಯವರು ಕರೆದಾಗ, ಹೌಲಿನ್ ವುಲ್ಫ್‌ನನ್ನೂ ಹಾಡಿಸಬೇಕೆಂದು ಹಟ ಹಿಡಿದು, ಅವನ ಕಾಲ ಬುಡದಲ್ಲಿ ಕುಳಿತು ಕೇಳಿದರು. ಆ ಋಣಪ್ರಜ್ಞೆ ನನಗೆ ಹಿಡಿಸಿತು.

ನಿನಗೆಂದೇ ಉಳಿಸಿಕೊಂಡವಳು ಒಬ್ಬಳಿದ್ದಾಳೆ: ಸಿಸ್ಟರ್ ರೊಸೆಟ್ಟಾ ಥಾರ್ಪ್. 1915ರಲ್ಲಿ ಅರ್ಕನ್ಸಾದ ಕಾಟನ್ ಪ್ಲಾಂಟ್ ಎಂಬ ಊರಿನಲ್ಲಿ ಹುಟ್ಟಿ, ತಾಯಿಯ ಜೊತೆ ಚರ್ಚುಗಳಲ್ಲಿ ಹಾಡುತ್ತ ಬೆಳೆದಳು. ದೇವರ ಹಾಡನ್ನು ಎಲೆಕ್ಟ್ರಿಕ್ ಗಿಟಾರಿನ ಮೇಲೆ, ನೈಟ್‌ಕ್ಲಬ್ಬಿನಲ್ಲಿ ಹಾಡಿ ಮಡಿವಂತರ ಬೈಗುಳ ತಿಂದವಳು. 1944ರಲ್ಲಿ ಅವಳು ರೆಕಾರ್ಡ್ ಮಾಡಿದ ‘ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ’ ಕೇಳಿದರೆ ಹತ್ತು ವರ್ಷದ ನಂತರದ ಎಲ್ಲ ಗಂಡುಹುಡುಗರ ಗಿಟಾರ್ ಅಲ್ಲೇ ಇದೆ. 1947ರಲ್ಲಿ ಮೇಕನ್ ಊರಿನಲ್ಲಿ ಹದಿನಾಲ್ಕರ ಹುಡುಗನೊಬ್ಬನನ್ನು ವೇದಿಕೆಗೆ ಕರೆದು ಹಾಡಿಸಿ, ಕೈಗೆ ದುಡ್ಡೂ ಕೊಟ್ಟಳು. ಅವನೇ ಲಿಟ್ಲ್ ರಿಚರ್ಡ್. ಅವಳ ಒಂದು ಮದುವೆ ವಾಷಿಂಗ್ಟನ್ನಿನ ಬೇಸ್‌ಬಾಲ್ ಮೈದಾನದಲ್ಲಿ ನಡೆಯಿತು, ಸಾವಿರಾರು ಜನ ಟಿಕೆಟ್ ಕೊಂಡು ಮದುವೆಗೆ ಬಂದರು. ಮದುಮಗಳೇ ಕೊನೆಗೆ ಗಿಟಾರ್ ಎತ್ತಿಕೊಂಡಳು. 1964ರಲ್ಲಿ ಮ್ಯಾಂಚೆಸ್ಟರ್‌ನ ಪಾಳುಬಿದ್ದ ರೈಲು ನಿಲ್ದಾಣದಲ್ಲಿ, ಕೋಟು ತೊಟ್ಟು ಅವಳು ನುಡಿಸಿದ್ದರ ಚಿತ್ರ ಯೂಟ್ಯೂಬ್‌ನಲ್ಲಿದೆ, ಇವತ್ತೇ ನೋಡು. 1973ರಲ್ಲಿ ಸತ್ತಳು. ಮೂವತ್ತಕ್ಕೂ ಹೆಚ್ಚು ವರ್ಷ ಫಿಲಡೆಲ್ಫಿಯಾದ ಅವಳ ಗೋರಿಗೆ ಒಂದು ಹೆಸರಿನ ಕಲ್ಲೂ ಇರಲಿಲ್ಲ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಅವಳ ನೆನಪಾದದ್ದು 2018ರಲ್ಲಿ.

ನಿನ್ನ ಅಜ್ಜಿಗೆ ಇದನ್ನೆಲ್ಲ ಓದಿ ಹೇಳಿದಾಗ ಅವಳು ಹಿಡಿದದ್ದು ಬೇರೆಯೇ ಎಳೆ. 1977ರಲ್ಲಿ ವಾಯೇಜರ್ ನೌಕೆಗಳಲ್ಲಿ ಬಾಹ್ಯಾಕಾಶಕ್ಕೆ ಕಳಿಸಿದ ಚಿನ್ನದ ಲೇಪದ ಪ್ಲೇಟಿನಲ್ಲಿ ‘ಜಾನಿ ಬಿ. ಗುಡ್’ ಇದೆ, ಟೆಕ್ಸಾಸಿನ ಬ್ಲೈಂಡ್ ವಿಲ್ಲಿ ಜಾನ್ಸನ್‌ನ ಸ್ಲೈಡ್ ಗಿಟಾರ್ ಇದೆ, ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ಕೇಸರಬಾಯಿ ಅಲ್ಲಾದಿಯಾ ಖಾನರ ಶಿಷ್ಯೆ. ನಮ್ಮ ಮಲ್ಲಿಕಾರ್ಜುನ ಮನಸೂರರು ಕಲಿತದ್ದು ಅದೇ ಅಲ್ಲಾದಿಯಾ ಖಾನರ ಮಕ್ಕಳ ಬಳಿ. ‘ಹಾಗಾದರೆ ನಮ್ಮ ಘರಾಣೆಯವರೂ ಆ ಗಿಟಾರಿನವರ ಜೊತೆ ಹೊರಟಿದ್ದಾರೆ’ ಎಂದಳು. ಅವಳು ನಿನ್ನ ಪರ ಆದಂತೆಯೇ ಲೆಕ್ಕ.

ಲೆಕ್ಕದ ಮಾತು ಪೂರ್ತಿ ಕಹಿಯಲ್ಲಿ ಮುಗಿಯಲಿಲ್ಲ. ಐವತ್ತರ ದಶಕದಲ್ಲಿ ಅಟ್ಲಾಂಟಿಕ್ ಕಂಪನಿಯನ್ನು ತನ್ನ ಹಾಡುಗಳಿಂದ ಎತ್ತಿ ನಿಲ್ಲಿಸಿದ ರೂತ್ ಬ್ರೌನ್, ಆಮೇಲೆ ಮನೆಗೆಲಸ ಮಾಡಿ, ಶಾಲೆಯ ಬಸ್ಸು ಓಡಿಸಿ ಮಕ್ಕಳನ್ನು ಸಾಕಿದಳು. ವರ್ಷಗಟ್ಟಲೆ ವಕೀಲರನ್ನು ಹಿಡಿದು ಜಗಳಾಡಿ, 1988ರಲ್ಲಿ ಹಳೆಯ ಪುಸ್ತಕಗಳನ್ನು ಮತ್ತೆ ತೆಗೆಸಿ ಬಾಕಿ ವಸೂಲು ಮಾಡಿದಳು. ಅವಳ ಜೊತೆಯ ಇತರ ಕಲಾವಿದರಿಗೂ ಸಿಕ್ಕಿತು, ಮುಪ್ಪಿನ ಕಲಾವಿದರ ನೆರವಿಗೆ ಒಂದು ಪ್ರತಿಷ್ಠಾನವೂ ಹುಟ್ಟಿತು. ನಮ್ಮ ದೇಶದಲ್ಲಿ 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಬಂದ ಮೇಲೆ, ಸಿನಿಮಾ ಹಾಡು ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲನ್ನು ನಿರ್ಮಾಪಕರು ಬರೆಸಿಕೊಂಡು ಕಸಿಯುವಂತಿಲ್ಲ.

ಕ್ರೂಡಪ್‌ನದು ಮೊದಲು ಕೇಳು, ಎಲ್ವಿಸ್‌ನದು ಆಮೇಲೆ. ಥಾರ್ನ್ಟನ್ ಹಾಡಿದ್ದನ್ನು ಹೆಡ್‌ಫೋನ್ ಹಾಕದೆ, ನಿಮ್ಮಪ್ಪನಿಗೂ ಕೇಳಿಸುವಂತೆ ಹಚ್ಚು. ನಿಮ್ಮ ಬ್ಯಾಂಡು ಯಾರ ಹಾಡು ನುಡಿಸಿದರೂ ಬರೆದವರ ಹೆಸರನ್ನು ಮೈಕಿನಲ್ಲಿ ಗಟ್ಟಿಯಾಗಿ ಹೇಳಬೇಕು, ಇದು ಅಜ್ಜನ ಅಪ್ಪಣೆ. ಮುಂದೊಂದು ದಿನ ನೀವೇ ಹಾಡು ಕಟ್ಟಿ, ಯಾರಾದರೂ ಕಾಗದ ಚಾಚಿ ಸಹಿ ಕೇಳಿದರೆ ಪೂರ್ತಿ ಓದದೆ ಪೆನ್ನು ಮುಟ್ಟಬೇಡ. ತಿಳಿಯದಿದ್ದರೆ ನನಗೆ ಕಳಿಸು, ಕೋರ್ಟಿನಲ್ಲಿ ಸವೆದ ನನ್ನ ಕಣ್ಣಿಗೆ ಆ ಸಣ್ಣ ಅಕ್ಷರಗಳು ಇನ್ನೂ ಕಾಣುತ್ತವೆ.

ಇಂತಿ ನಿನ್ನ
ಅಜ್ಜ